ನವನ್ಯಾಯವಾದಿಯೂ ಅಪರಾಧ ವಿಚಾರಣೆಯೂ

ನ್ಯಾಯಶಾಸ್ತ್ರದ ಪದವಿಯು ಶಾಸ್ತ್ರಜ್ಞಾನಕ್ಕೆ ಪ್ರಮಾಣವೇ ಹೊರತು ಪಾಟೀಸವಾಲಿನ ಕೌಶಲಕ್ಕಲ್ಲ. ಇದನ್ನರಿತೇ ಭಾರತದ 1961ನೆಯ ವಕೀಲರ ಅಧಿನಿಯಮವು ಪದವೀಧರನು ತರಬೇತಿಯನ್ನೂ ಅನಂತರದ ಪರೀಕ್ಷೆಯನ್ನೂ ಮುಗಿಸತಕ್ಕದ್ದೆಂದು ವಿಧಿಸಿತ್ತು. 1973ರ ತಿದ್ದುಪಡಿಯಿಂದ ಆ ವಿಧಿಯು ಲೋಪವಾಯಿತು. ಭಾರತೀಯ ವಕೀಲರ ಪರಿಷತ್ತು 1995ರಲ್ಲಿ ಒಂದು ವರ್ಷದ ತರಬೇತಿಯನ್ನು ನಿಯಮಗಳ ಮೂಲಕ ಮರಳಿ ತರಲೆಳಸಿತು; ಪರಿಷತ್ತಿಗೆ ಆ ಅಧಿಕಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಅವನ್ನು ರದ್ದುಗೊಳಿಸಿತು. ಆ ತಡೆಯು ಸಲ್ಲದೆಂದು ಸಂವಿಧಾನಪೀಠವು ಹೇಳಿದುದು 2023ರಲ್ಲಿ. 2008ರ ಶಿಕ್ಷಣನಿಯಮಗಳಾದರೋ ವಿದ್ಯಾರ್ಥಿಗೆ ಕೆಲವು ವಾರಗಳ ಅಭ್ಯಾಸವನ್ನೂ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯ ಅವಲೋಕನವನ್ನೂ ಮಾತ್ರ ವಿಧಿಸಿದುವು.

ಈ ಕೊರತೆಯು ಬಾಧಿಸುವುದು ಆಪಾದಿತನನ್ನು. ಮಧ್ಯಪ್ರದೇಶದಲ್ಲಿ 2013ರಲ್ಲಿ ಒಬ್ಬ ಆಪಾದಿತನಿಗೆ ವಕೀಲನನ್ನು ನೇಮಿಸಿದ ದಿನವೇ ದೋಷಾರೋಪಣೆಯಾಗಿ, ಹದಿನೈದು ದಿನಗಳೊಳಗೆ ಮರಣದಂಡನೆಯೂ ವಿಧಿಸಲ್ಪಟ್ಟಿತು. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಆ ತೀರ್ಪನ್ನು ತಳ್ಳಿಹಾಕಿ ಮರುವಿಚಾರಣೆಗೆ ಆಜ್ಞಾಪಿಸಿತು. ಮರಣ ಅಥವಾ ಜೀವಾವಧಿ ಶಿಕ್ಷೆಗೆ ಎಡೆಯಿರುವ ಮೊಕದ್ದಮೆಗಳಲ್ಲಿ ನೇಮಿತ ವಕೀಲನಿಗೆ ಕನಿಷ್ಠ 10 ವರ್ಷಗಳ ಅನುಭವವಿರಬೇಕೆಂದೂ, ಸಿದ್ಧತೆಗೆ ಸಾಮಾನ್ಯವಾಗಿ 7 ದಿನಗಳಾದರೂ ದೊರೆಯಬೇಕೆಂದೂ ವಿಧಿಸಿತು. ಹತ್ತನೆಯ ವರ್ಷದ ಪ್ರಾವೀಣ್ಯಕ್ಕೆ ಮೊದಲನೆಯ ವರ್ಷದ ಶಿಕ್ಷಣವೇ ಅಡಿಪಾಯ. ಅದಿಲ್ಲದೆಡೆ ವಕೀಲನ ಕಲಿಕೆಯ ಬೆಲೆಯನ್ನು ತೆರುವವನು ಕಟಕಟೆಯಲ್ಲಿ ನಿಂತವನು.