ರೈಲುಹಾದಿಯಿಂದ ದೂರ ಉಳಿದ ಮೂರು ತಾಲೂಕುಗಳು

ಶತಮಾನೋತ್ಸವದ ಸಂಚಿಕೆಯಲ್ಲಿ ನೂರು ವರ್ಷಗಳ ಹಿಂದಿನ ಮಾತು ಬರುವುದು ಸಹಜ. ಯಾರು ಬಂದರು, ಏನು ಕಟ್ಟಿದರು ಎಂದು ಸ್ಮರಿಸುವಾಗ, ಕಟ್ಟದೆ ಬಿಟ್ಟದ್ದರ ಲೆಕ್ಕವನ್ನೂ ನೋಡುವುದು ಲೇಸು. ಒಂದು ಸೀಮೆಯ ಚರಿತ್ರೆಯನ್ನು ಅಲ್ಲಿ ಹಾದುಹೋದ ಹಾದಿಗಳಷ್ಟೇ ಅಲ್ಲ, ಅದನ್ನು ಬಳಸಿಕೊಂಡು ದೂರ ಸರಿದ ಹಾದಿಗಳೂ ರೂಪಿಸುತ್ತವೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ಇದಕ್ಕೆ ಕಣ್ಣೆದುರಿನ ನಿದರ್ಶನ.

ಮಣ್ಣಿನ ಗುಣವೊಂದರಿಂದಲೇ ನಾಡಿನ ಏಳಿಗೆ ನಿರ್ಧಾರವಾಗುವುದಾದರೆ ಈ ಮೂರು ತಾಲೂಕುಗಳು ಬಡವಾಗಬೇಕಾಗಿರಲಿಲ್ಲ. ಎತ್ತ ನೋಡಿದರೂ ಎರೆಭೂಮಿ. ಬಿಳಿಜೋಳ, ತೊಗರಿ ಇಲ್ಲಿಯ ಬೆಳೆಗಳು. ಅಫಜಲಪುರ, ಜೇವರ್ಗಿಗಳ ಹೊಲಗಳ ಪಕ್ಕದಲ್ಲಿಯೇ ಭೀಮಾ ನದಿ ಹರಿಯುತ್ತದೆ. ಜಿಲ್ಲೆಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಆದರೂ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳನ್ನು ಹೆಸರಿಸಿದಾಗ ಈ ಮೂರೂ ಆ ಪಟ್ಟಿಯಲ್ಲಿದ್ದವು. ಇದಕ್ಕೆ ಕಾರಣವೇನು?

ಮೊದಲನೆಯ ಕಾರಣವನ್ನು ರೈಲುಹಾದಿಯ ಚರಿತ್ರೆಯಲ್ಲಿ ಕಾಣಬಹುದು. ಮುಂಬಯಿಯಿಂದ ಹೊರಟ ಹಳಿಯು 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿ, ಕಲಬುರಗಿ, ಶಹಾಬಾದ, ವಾಡಿಗಳ ಮಾರ್ಗವಾಗಿ 1871ರಲ್ಲಿ ರಾಯಚೂರನ್ನು ಸೇರಿತು. 1874ರಲ್ಲಿ ನಿಜಾಮರ ರೈಲ್ವೆಯು ವಾಡಿಯನ್ನು ಸಿಕಂದರಾಬಾದಿಗೆ ಜೋಡಿಸಿತು. ಈ ಹಳಿಗಳ ಬದಿಯಲ್ಲಿಯೇ ಮುಂದೆ ಉದ್ಯಮಗಳು ತಲೆಯೆತ್ತಿದವು. ಶಹಾಬಾದದ ಸಿಮೆಂಟು ಕಾರ್ಖಾನೆಯೂ 1968ರಲ್ಲಿ ಆರಂಭವಾದ ವಾಡಿಯ ಕಾರ್ಖಾನೆಯೂ ಸುಣ್ಣಕಲ್ಲಿನಷ್ಟೇ ಹಳಿಯನ್ನೂ ನಂಬಿ ನಿಂತವು. ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳಿಗಾದರೋ ಇಂದಿಗೂ ರೈಲು ನಿಲ್ದಾಣವಿಲ್ಲ. ದೇವಲ ಗಾಣಗಾಪುರದ ಯಾತ್ರಿಕರು ಸಹ ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದು ಸುಮಾರು 20 ಕಿಲೋಮೀಟರು ಹಾದಿ ಸವೆಸಬೇಕು.

ಇದರ ಪರಿಣಾಮ ರೈತನ ಅಂಗಳದಲ್ಲಿಯೇ ಕಾಣುತ್ತದೆ. ತೊಗರಿ ಬೆಳೆಯುವುದು ಹಳ್ಳಿಯ ಹೊಲದಲ್ಲಿ. ಅದು ಬೇಳೆಯಾಗುವುದು ಹೆಚ್ಚಾಗಿ ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ. ಕಾಳಿನ ಬೆಲೆ ಬೆಳೆದವನಿಗೆ, ಬೇಳೆಯ ಲಾಭ ಪೇಟೆಗೆ. ಎರೆಮಣ್ಣು ಮಳೆಗಾಲದಲ್ಲಿ ಬಂಡಿಯ ಗಾಲಿಯನ್ನು ಬಿಡದೆ ಹಿಡಿಯುವುದನ್ನು ಬಲ್ಲವರು, ಒಳ್ಳೆಯ ರಸ್ತೆಯಾಗಲಿ ಉಗ್ರಾಣವಾಗಲಿ ಇಲ್ಲದ ಹಳ್ಳಿಯ ರೈತನು ಸುಗ್ಗಿಯಲ್ಲಿಯೇ, ಅಡತಿಯವರು ಹೇಳಿದ ಧಾರಣೆಗೇ, ಚೀಲವನ್ನು ಏಕೆ ಕೊಟ್ಟುಬರುತ್ತಾನೆಂಬುದನ್ನು ಬಲ್ಲರು.

ಎರಡನೆಯದು ನೀರು. ನದಿ ಪಕ್ಕದಲ್ಲಿ ಹರಿದರೆ ಹೊಲ ತಾನಾಗಿ ನೆನೆಯುವುದಿಲ್ಲ. ಅದಕ್ಕೆ ಕಟ್ಟೆ ಬೇಕು, ಕಾಲುವೆ ಬೇಕು, ನೀರನ್ನು ಮೇಲೆತ್ತುವ ಯಂತ್ರ ಬೇಕು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಅದರ ಜೇವರ್ಗಿ ಶಾಖಾ ಕಾಲುವೆಯು ಈ ಕಡೆಗೆ ಕೃಷ್ಣೆಯ ನೀರನ್ನು ತರುವ ಮಾರ್ಗವಾಯಿತು. ಆಳಂದ ತಾಲೂಕಿನಲ್ಲಿ ಅಮರ್ಜಾ ಜಲಾಶಯವೂ ಅಫಜಲಪುರ ತಾಲೂಕಿನ ಸೊನ್ನದಲ್ಲಿ ಭೀಮಾ ಏತ ನೀರಾವರಿಯ ಬ್ಯಾರೇಜೂ ಎದ್ದುನಿಂತವು. ಕಬ್ಬು ಬಂದಿತು, ಹವಳಗಾದಲ್ಲಿಯೂ ಭೂಸನೂರಿನಲ್ಲಿಯೂ ಸಕ್ಕರೆ ಕಾರ್ಖಾನೆಗಳು ಬಂದವು. ನೀರು ಬಂದಲ್ಲಿಗೆ ಉದ್ಯಮವೂ ಬರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಅದೇ ಭೀಮೆಯು 2020ರ ಅಕ್ಟೋಬರಿನಲ್ಲಿ ಉಕ್ಕಿ ದಡದ ಹಳ್ಳಿಗಳನ್ನು ಮುಳುಗಿಸಿತು. ಬೇಸಿಗೆಯಲ್ಲಿ ಇಲ್ಲದ ನೀರು ಪ್ರವಾಹದಲ್ಲಿ ಮನೆಯೊಳಗೆ ಬರುವುದು ಈ ಸೀಮೆಯ ವಿಪರ್ಯಾಸ.

ಮೂರನೆಯದು ಅಕ್ಷರ. ನನ್ನ ಎಣಿಕೆಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. 1948ರ ಸೆಪ್ಟೆಂಬರಿನವರೆಗೂ ಈ ಭಾಗವು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಸರಕಾರದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಉರ್ದುವೇ. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಶಾಲೆಯ ಹೊಸ್ತಿಲೇ ಪರದೇಶವಾಗಿತ್ತು. ಕಲಬುರಗಿಯಲ್ಲಿ 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯದಂತಹ ಪ್ರಯತ್ನಗಳು ವಿರಳ. 1956ರಲ್ಲಿ ಕನ್ನಡ ನಾಡಿನೊಡನೆ ಒಂದಾದ ಬಳಿಕ, 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯೂ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ ಬಂದವು. 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿಯೇ ನೆಲೆಗೊಂಡಿತು. ಹೀಗಿದ್ದೂ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ ಜಿಲ್ಲೆಯದು ಶೇ. 64.85 ಮಾತ್ರ. ಮಹಾದ್ವಾರವು ಎದ್ದುನಿಂತಿದೆ, ಅಲ್ಲಿಯವರೆಗೆ ಏರಿಬರುವ ಮೆಟ್ಟಿಲುಗಳು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿಯೇ ಮುರಿದಿವೆ.

ಹಾದಿ, ನೀರು, ಅಕ್ಷರ ಇವುಗಳಲ್ಲಿ ಯಾವುದು ಮೊದಲು ಎಂದು ವಾದಿಸುವವರುಂಟು. ನಂಜುಂಡಪ್ಪನವರ ಸಮಿತಿಯು ಆ ವಾದಕ್ಕೆ ಇಳಿಯಲಿಲ್ಲ. ಬೇಸಾಯ, ಉದ್ಯಮ, ಹಣಕಾಸು, ಭೌತಿಕ ಸೌಕರ್ಯ, ಸಾಮಾಜಿಕ ಸೌಕರ್ಯ ಎಲ್ಲವನ್ನೂ 35 ಸೂಚಕಗಳಿಂದ ಕೂಡಿಯೇ ಅಳೆಯಿತು. ಅದು ವಿವೇಕದ ಮಾರ್ಗ. ಕಾಲುವೆ ಬಂದರೂ ಸಾಲದ ಪತ್ರವನ್ನು ಓದಲಾರದವನು ಸಾಹುಕಾರನ ಬಾಗಿಲಲ್ಲಿಯೇ ಉಳಿಯುತ್ತಾನೆ. ಊರಿಗೆ ರಸ್ತೆ ಬಂದು, ಊರಿನಲ್ಲಿ ದುಡಿಮೆ ಬಾರದಿದ್ದರೆ, ಆ ರಸ್ತೆಯು ಸರಕನ್ನು ತರುವುದಕ್ಕೆ ಮೊದಲು ಜನರನ್ನು ಒಯ್ಯುತ್ತದೆ. ಸುಗ್ಗಿ ತೀರಿದೊಡನೆ ಗಂಟುಮೂಟೆ ಕಟ್ಟಿ ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಗುಳೆ ಹೋಗುವ ಕುಟುಂಬಗಳು ಈ ಮಾತಿಗೆ ಸಾಕ್ಷಿ. ತಂದೆತಾಯಿಗಳೊಡನೆ ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಖಾಲಿ ಮನೆಗಳು ಉಳಿಯುತ್ತವೆ. ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ.

2012ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 371(ಜೆ) ವಿಧಿಯು ಈ ಪ್ರದೇಶದವರಿಗೆ ವಿದ್ಯಾಸಂಸ್ಥೆಗಳಲ್ಲಿಯೂ ಸರಕಾರಿ ಉದ್ಯೋಗಗಳಲ್ಲಿಯೂ ಮೀಸಲಾತಿಗೆ ದಾರಿ ಮಾಡಿತು. ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿಯೂ ಬಂದಿತು. ಇದು ಬಹುಕಾಲದ ಬೇಡಿಕೆಗೆ ಸಂದ ನ್ಯಾಯ. ಆದರೆ ವೈದ್ಯಕೀಯ ಕಾಲೇಜಿನ ಮೀಸಲು ಸ್ಥಾನವು ಮೆಟ್ರಿಕ್ ದಾಟಿದವನ ಕೈಗಷ್ಟೇ ಎಟಕುವಂಥದು. ಐದನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟ ಹುಡುಗಿಗೆ ಆ ವಿಧಿಯ ಹೆಸರೂ ತಿಳಿಯದು.

ಪ್ರಿಯ ವಾಚಕರೇ, ನೂರೈವತ್ತು ವರ್ಷಗಳಿಗೂ ಹಿಂದೆ ಹಳಿಯ ಗೆರೆಯನ್ನು ಎಳೆದವರು ಜೇವರ್ಗಿಯ ರೈತನ ಮೊಮ್ಮಗನನ್ನು ನೆನೆದಿರಲಾರರು. ಆದರೂ ಅವನ ತೊಗರಿಯ ಧಾರಣೆಯಲ್ಲಿ ಆ ಗೆರೆಯು ಇಂದಿಗೂ ಲೆಕ್ಕಕ್ಕೆ ಬರುತ್ತಿದೆ. ಹಾಗೆಯೇ ಇಂದು ಒಂದು ಹಳ್ಳಿಗೆ ಶಿಕ್ಷಕರನ್ನು ಕಳುಹಿಸುವುದೂ ಕಳುಹಿಸದಿರುವುದೂ ಮುಂದಿನ ನೂರು ವರ್ಷಗಳ ಲೆಕ್ಕದಲ್ಲಿ ಸೇರುತ್ತದೆ. ರೈಲುಹಾದಿಯನ್ನು ತರುವುದು ನಮ್ಮ ನಿಮ್ಮ ಕೈಯಲ್ಲಿ ಇಲ್ಲದಿರಬಹುದು. ಆದರೆ ಗುಳೆ ಹೊರಟ ಮನೆಯ ಮಗುವನ್ನು ಊರಿನಲ್ಲಿಯೇ ಉಳಿಸಿಕೊಂಡು, ಅದಕ್ಕೆ ಊಟವಿತ್ತು, ಶಾಲೆಗೆ ಕಳುಹಿಸುವುದು ಯಾವ ಊರಿನವರ ಕೈಗೂ ಮೀರಿದ ಕೆಲಸವಲ್ಲ.