ಟೆಂಪೋ ಮೇಲೆ ಸೋಲಾರ್: ಒಂದೇ ಪ್ಯಾನೆಲ್‌ನಿಂದ ಎಸಿ ಓಡುತ್ತದೆಯೇ? ಕಡಿಮೆ ಖರ್ಚಿನಲ್ಲಿ ಎಷ್ಟು ಸಾಕು?

‘ಗಾಡಿ ಮೇಲೆ ಒಂದು ಪ್ಯಾನೆಲ್ ಹಾಕಿ, ಎಸಿ, ಫ್ರಿಡ್ಜ್, ಇಂಡಕ್ಷನ್ ಎಲ್ಲ ಪುಕ್ಕಟೆ’ ಎನ್ನುವ ಧಾಟಿಯ ವಿಡಿಯೋಗಳು ನಿಮ್ಮ ಗ್ರೂಪಿಗೂ ಬಂದಿರಬಹುದು. ಹಳೆಯ ಗೂಡ್ಸ್ ಟೆಂಪೋವನ್ನು ತಾವೇ ಮಲಗುವ ಗಾಡಿಯಾಗಿ ಮಾಡಿಕೊಳ್ಳಬೇಕು ಎನ್ನುವವರಿಗೆ ಇದು ಕೇಳಲು ಚೆನ್ನ. ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕದ ಕಡೆಯವರಿಗೆ ಚಿಂಚಲಿ ಮಾಯಕ್ಕ, ಸವದತ್ತಿ ಯಲ್ಲಮ್ಮ, ಪಂಢರಪುರ ಎಂದು ಜಾತ್ರೆಗೆ ಹೋಗಿ ಗಾಡಿ ಬಳಿಯೇ ರಾತ್ರಿ ಕಳೆಯುವುದು ಹೊಸದಲ್ಲ. ಹಾಗಾಗಿ ಈ ಲೆಕ್ಕವನ್ನು ಇಲ್ಲಿಯ ಬಿಸಿಲು, ಇಲ್ಲಿಯ ಗಾಡಿ ಇಟ್ಟುಕೊಂಡೇ ನೋಡೋಣ.

ಎಸಿ ಓಡುತ್ತದೆಯೇ? ಇಲ್ಲ

ನಡು ಮಧ್ಯಾಹ್ನದ ಚುರುಕು ಬಿಸಿಲು ಒಂದು ಚದರ ಮೀಟರ್ ಮೇಲೆ ಸುಮಾರು 1000 ವಾಟ್ ಶಕ್ತಿ ಸುರಿಯುತ್ತದೆ. ಒಳ್ಳೆಯ ಪ್ಯಾನೆಲ್ ಅದರಲ್ಲಿ ಶೇ. 20ರಿಂದ 22ರಷ್ಟನ್ನು ಮಾತ್ರ ಕರೆಂಟ್ ಮಾಡುತ್ತದೆ. ಅಂದರೆ ಚದರ ಮೀಟರಿಗೆ ಹೆಚ್ಚೆಂದರೆ 220 ವಾಟ್. ಏಳು ಅಡಿ ಉದ್ದ, ಐದು ಅಡಿ ಅಗಲದ ಟೆಂಪೋ ಮಾಳಿಗೆ ಸುಮಾರು ಮೂರು ಚದರ ಮೀಟರ್. ಪೂರ್ತಿ ಮುಚ್ಚಿದರೂ 600 ವಾಟ್ ಆಸುಪಾಸು. ಒಂದು ಟನ್ ಎಸಿಯನ್ನು ರಾತ್ರಿ ಆರು ಗಂಟೆ ಓಡಿಸಲು 5ರಿಂದ 6 ಯೂನಿಟ್ ಬೇಕು. ಅದಕ್ಕೆ 1400 ವಾಟ್‌ನಷ್ಟು ಪ್ಯಾನೆಲ್ ಬೇಕು, ಅದು ಈ ಮಾಳಿಗೆಯ ಎರಡು ಪಟ್ಟಿಗೂ ಹೆಚ್ಚು ಜಾಗ.

ಇದೇ ಲೆಕ್ಕದಿಂದ ಆನ್‌ಲೈನ್ ಮೋಸವನ್ನೂ ಹಿಡಿಯಬಹುದು. ಒಂದು ಅಡಿಗೆ ಎರಡು ಅಡಿ ಅಳತೆಯ ಪ್ಯಾನೆಲ್ ಮೇಲೆ ‘500 ವಾಟ್’ ಎಂದು ಬರೆದಿದ್ದರೆ ಅದು ಸುಳ್ಳು. ಆ ಜಾಗದಲ್ಲಿ 40 ವಾಟ್ ದಾಟುವುದು ಕಷ್ಟ. ಖರೀದಿಗೆ ಮುನ್ನ ಟೇಪು ಹಿಡಿದು ಅಳೆಯಿರಿ.

ಹಾಗಾದರೆ ಎಷ್ಟು ಬೇಕು?

ಐದು ವಾಟ್‌ನ ಮೂರು ಎಲ್‌ಇಡಿ ನಾಲ್ಕು ಗಂಟೆ ಉರಿದರೆ 60 ವಾಟ್-ಅವರ್. 25 ವಾಟ್‌ನ 12 ವೋಲ್ಟ್ ಫ್ಯಾನ್ ರಾತ್ರಿ ಎಂಟು ಗಂಟೆಗೆ 200. ಎರಡು ಮೊಬೈಲ್‌ಗೆ 40. ಒಟ್ಟು 300. ನಮ್ಮ ಕಡೆ ಮೋಡವಿಲ್ಲದ ದಿನ 100 ವಾಟ್ ಪ್ಯಾನೆಲ್‌ನಿಂದ, ಎಲ್ಲ ನಷ್ಟ ಕಳೆದು, ಸುಮಾರು 400 ವಾಟ್-ಅವರ್ ಸಿಗುತ್ತದೆ. ಅಂದರೆ ಒಂದೇ ಸಣ್ಣ ಪ್ಯಾನೆಲ್ ಸಾಕು. ಸಣ್ಣ 12 ವೋಲ್ಟ್ ಫ್ರಿಡ್ಜ್ ಸೇರಿಸಿದರೆ 200 ವಾಟ್ ಹಾಕಿ. ಅಡುಗೆಗೆ ಗ್ಯಾಸೇ ಇರಲಿ.

ಇಲ್ಲಿ ತಿಥಿಯನ್ನೂ ನೋಡಬೇಕು. ಮಾಯಕ್ಕ, ಯಲ್ಲಮ್ಮನ ಭಾರತ ಹುಣ್ಣಿಮೆ ಬರುವುದು ಸಾಮಾನ್ಯವಾಗಿ ಫೆಬ್ರುವರಿ ಆಸುಪಾಸಿನಲ್ಲಿ, ಆಕಾಶ ತಿಳಿ. ಪಂಢರಪುರದ ಆಷಾಢ ಏಕಾದಶಿ ಬರುವುದು ಮಳೆಗಾಲದಲ್ಲಿ. ಮೋಡ ದಟ್ಟವಾದ ದಿನ ಉತ್ಪಾದನೆ ಅರ್ಧಕ್ಕೂ ಕೆಳಗೆ ಇಳಿಯುತ್ತದೆ.

ಇನ್ನೊಂದು ಮಾತನ್ನು ಮಾರುವವರು ಹೇಳುವುದಿಲ್ಲ. ವರ್ಷಕ್ಕೆ ಎರಡು ಜಾತ್ರೆಗೆ, ಎರಡೆರಡು ರಾತ್ರಿ ಮಾತ್ರ ಹೋಗುವವರಿಗೆ ಪ್ಯಾನೆಲ್ಲೇ ಬೇಕಿಲ್ಲ. ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿ ಅಷ್ಟಕ್ಕೆ ಹೆಚ್ಚುಕಡಿಮೆ ಸಾಕಾಗುತ್ತದೆ. ದಿನವೂ ಎರಡು ಗಂಟೆ ಗಾಡಿ ಓಡಿಸುವವರಿಗೆ 20 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಎಂಜಿನ್‌ನಿಂದಲೇ ಸುಮಾರು 500 ವಾಟ್-ಅವರ್ ತುಂಬಿಸುತ್ತದೆ. ಒಂದೇ ಕಡೆ ದಿನಗಟ್ಟಲೆ ನಿಲ್ಲುವ ಗಾಡಿಗೆ ಸೋಲಾರ್ ನಿಜವಾಗಿ ಲಾಭ.

ಹಣ ಪೋಲಾಗುವುದು ಎಲ್ಲಿ?

ಮನೆ ಮಾಳಿಗೆಯ 540 ವಾಟ್ ಪ್ಯಾನೆಲ್ ವಾಟ್ ಲೆಕ್ಕದಲ್ಲಿ ಅಗ್ಗ. ಆದರೆ ಅದು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ, ಸುಮಾರು 28 ಕಿಲೋ. ಸಣ್ಣ ಟೆಂಪೋ ಮೇಲೆ ಹೊರಗೆ ಚಾಚುತ್ತದೆ. ಅದರ ವೋಲ್ಟೇಜ್ 40ರ ಮೇಲಿರುವುದರಿಂದ ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ಮೂಲಕ 12 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ವ್ಯರ್ಥ. ಎಂಪಿಪಿಟಿ ಬೇಕೇ ಬೇಕು. 36 ಸೆಲ್‌ನ 100 ವಾಟ್ ಪ್ಯಾನೆಲ್‌ಗೆ ಪಿಡಬ್ಲ್ಯೂಎಂ ಸಾಕು.

ಪ್ಯಾನೆಲ್ ಎತ್ತುವ ಸ್ಟ್ಯಾಂಡಿಗೆ ಖರ್ಚು ಮಾಡಬೇಡಿ. ಉಗಾರ ಇರುವುದು ಸುಮಾರು 16.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರ ಮತ್ತು ಆಗಸ್ಟ್ ಮೊದಲ ವಾರದ ಸುಮಾರಿಗೆ ನಡುಹಗಲು ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಮಲಗಿಸಿಟ್ಟರೆ ಡಿಸೆಂಬರ್‌ನಲ್ಲಿ ಸ್ವಲ್ಪ ಕಡಿಮೆ ಬರುತ್ತದೆ, ವರ್ಷದ ಲೆಕ್ಕದಲ್ಲಿ ನಷ್ಟ ಅಲ್ಪ. ಆದರೆ ಪ್ಯಾನೆಲ್ ಕೆಳಗೆ ಎರಡು ಮೂರು ಇಂಚು ಗಾಳಿ ಆಡಲಿ. ‘ಬಿಸಿಲು ಸುಟ್ಟಷ್ಟೂ ಕರೆಂಟ್ ಜಾಸ್ತಿ’ ಎನ್ನುವುದು ತಪ್ಪು: ಬೇಕಿರುವುದು ಬೆಳಕು, ಶಾಖವಲ್ಲ. ಪ್ಯಾನೆಲ್ 65 ಡಿಗ್ರಿ ಕಾದರೆ ಸುಮಾರು ಶೇ. 15ರಷ್ಟು ಉತ್ಪಾದನೆ ಇಳಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ರವದಿ ಸುಟ್ಟ ಬೂದಿ ಬಂದು ಕೂರುತ್ತದೆ. ಬೆಳಗ್ಗೆ ತಂಪಿರುವಾಗಲೇ ನೀರು ಹಾಕಿ ಒರೆಸಿ. ಕ್ಯಾರಿಯರ್ ಸಾಮಾನಿನ ನೆರಳು ಒಂದು ಮೂಲೆಗೆ ಬಿದ್ದರೂ ಇಡೀ ಪ್ಯಾನೆಲ್ ಸೊರಗುತ್ತದೆ.

ಬ್ಯಾಟರಿ: ಜೀವದ ಪ್ರಶ್ನೆ ಇರುವುದು ಇಲ್ಲೇ

‘ಟ್ರ್ಯಾಕ್ಟರ್ ಬ್ಯಾಟರಿ ಮನೆಯಲ್ಲೇ ಇದೆಯಲ್ಲ’ ಎನ್ನುವವರಿದ್ದಾರೆ. ಅದು ಎಂಜಿನ್ ಎಬ್ಬಿಸಲು ಮಾಡಿದ್ದು. ರಾತ್ರಿಯೆಲ್ಲ ಫ್ಯಾನ್ ಓಡಿಸಿ ಖಾಲಿ ಮಾಡುತ್ತ ಹೋದರೆ ಬೇಗ ಕೆಡುತ್ತದೆ. ಅದಕ್ಕಿಂತ ಮುಖ್ಯ, ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಿಡಿ ಸಿಕ್ಕರೆ ಸ್ಫೋಟಿಸುತ್ತದೆ. ಮಕ್ಕಳು ಮಲಗುವ, ಗ್ಯಾಸ್ ಒಲೆ ಹಚ್ಚುವ ಮುಚ್ಚಿದ ಪೆಟ್ಟಿಗೆಯೊಳಗೆ ಅದನ್ನು ಇಡಲೇಬೇಡಿ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ದುಬಾರಿ ಎನ್ನುತ್ತಾರೆ. ಲೆಕ್ಕ ಹಾಕಿ. 100 ಆಂಪಿಯರ್-ಅವರ್ ಆಸಿಡ್ ಬ್ಯಾಟರಿಯಲ್ಲಿ ಬಾಳಿಕೆ ಉಳಿಸಿಕೊಂಡು ಬಳಸಬಹುದಾದದ್ದು ಅರ್ಧ, 600 ವಾಟ್-ಅವರ್. ಹೀಗೆ ಸುಮಾರು 400 ಸಲ ಬಳಸಿದರೆ 240 ಯೂನಿಟ್. 50 ಆಂಪಿಯರ್-ಅವರ್ ಲಿಥಿಯಂನಲ್ಲಿ ಬಳಕೆಗೆ ಸುಮಾರು 540, 2000 ಸಲಕ್ಕೆ 1080 ಯೂನಿಟ್. ಬೆಲೆ ನಾಲ್ಕು ಪಟ್ಟಿಗಿಂತ ಕಡಿಮೆ ಇದ್ದರೆ, ದಿನವೂ ಬಳಸುವವರಿಗೆ ಲಿಥಿಯಂ ಅಗ್ಗ. ಒಳಗೆ ಬಿಎಂಎಸ್ ಇದೆಯೇ ಎಂದು ಕೇಳಿ. ಮಾಳಿಗೆ ಹತ್ತಿರ ಕಟ್ಟಬೇಡಿ, ಕೆಳಗೆ ತಂಪಿನಲ್ಲಿ ಇಡಿ.

ಯಾವುದೇ ಬ್ಯಾಟರಿಯಾದರೂ ಪ್ಲಸ್ ತುದಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. 1000 ವಾಟ್ ಇನ್ವರ್ಟರ್ 12 ವೋಲ್ಟ್‌ನಲ್ಲಿ 90 ಆಂಪಿಯರ್ ಹತ್ತಿರ ಎಳೆಯುತ್ತದೆ. ಮನೆ ವೈರಿಂಗ್‌ನ ತೆಳು ವೈರು ಹಾಕಿದರೆ ಕಾದು ಹೊತ್ತಿಕೊಳ್ಳುತ್ತದೆ. ಮೊಬೈಲ್, ಫ್ಯಾನ್, ದೀಪ ಎಲ್ಲವೂ 12 ವೋಲ್ಟ್‌ನಲ್ಲೇ ನಡೆಯುವಾಗ ಇನ್ವರ್ಟರ್ ಯಾಕೆ?

ಸಬ್ಸಿಡಿ ಸಿಗುತ್ತದೆಯೇ?

2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಗರಿಷ್ಠ 78,000 ರೂ. ನೆರವು ಗ್ರಿಡ್‌ಗೆ ಜೋಡಿಸಿದ ಮನೆ ಮಾಳಿಗೆಗೆ ಮಾತ್ರ. ‘ಗಾಡಿಗೂ ಉಚಿತ, ಈ ಲಿಂಕ್ ಒತ್ತಿ’ ಎಂದು ಬಂದರೆ ಒತ್ತಬೇಡಿ. ಸೋಲಾರ್ ಸಾಮಾನಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ, ಬಿಲ್‌ನಲ್ಲಿ ನೋಡಿಕೊಳ್ಳಿ.

ಗೂಡ್ಸ್ ಗಾಡಿಯನ್ನು ವಾಸದ ಗಾಡಿಯಾಗಿ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ಅದಿಲ್ಲದೆ ಅಪಘಾತವಾದರೆ ವಿಮೆ ಹಣಕ್ಕೆ ತಕರಾರು ಬರಬಹುದು. ಪ್ಯಾನೆಲ್ ಕೊಳ್ಳುವ ಮೊದಲೇ ಅಲ್ಲಿ ವಿಚಾರಿಸಿ. ಮಿರಜ್ ಅಥವಾ ಸಾಂಗಲಿ ಪೇಟೆಗೆ ಹೋಗುವುದಾದರೆ ಮಧ್ಯಾಹ್ನ ಹೋಗಿ, ಜೊತೆಗೆ ಮಲ್ಟಿಮೀಟರ್ ಇರಲಿ: ಬಿಸಿಲಲ್ಲಿ ಹಿಡಿದ 12 ವೋಲ್ಟ್‌ನ 100 ವಾಟ್ ಪ್ಯಾನೆಲ್ ಏನೂ ಜೋಡಿಸದೆ 20 ವೋಲ್ಟ್ ಆಸುಪಾಸು ತೋರಿಸಬೇಕು, ಶಾರ್ಟ್ ಮಾಡಿ ಅಳೆದರೆ 5ರಿಂದ 6 ಆಂಪಿಯರ್ ಬರಬೇಕು. ಮೀಟರ್ 10 ಆಂಪಿಯರ್ ಅಳೆಯುವಂಥದ್ದೇ ಆಗಿರಲಿ.