ಗಡಿಯಾಚೆಯ ಗರ್ಭಿಣಿ: ಎರಡು ಶಾಸನಗಳ ಇತಿಹಾಸ

ಗಡಿಯನ್ನು ದಾಟಿದೊಡನೆ ಮನುಷ್ಯನಿಗೆ ಅನ್ವಯಿಸುವ ಶಾಸನವು ಬದಲಾಗುತ್ತದೆ. ದೇಹದ ಧರ್ಮ ಬದಲಾಗುವುದಿಲ್ಲ. ಕನಕಗಿರಿಯ ಸೀಮೆಗೆ ಇದು ಹೊಸ ಮಾತಲ್ಲ. 1948ರವರೆಗೆ ಕನಕಗಿರಿ, ಗಂಗಾವತಿಗಳು ನಿಜಾಮನ ಸಂಸ್ಥಾನಕ್ಕೆ ಸೇರಿದ್ದವು. 1947ರವರೆಗೆ ತುಂಗಭದ್ರೆಯ ಆಚೆಯ ಬಳ್ಳಾರಿಯು ಬ್ರಿಟಿಷರ ಮದರಾಸು ಪ್ರಾಂತ್ಯದ್ದು, ಬೆಳಗಾವಿಯು ಮುಂಬಯಿ ಪ್ರಾಂತ್ಯದ್ದು. ಹೊಳೆಯನ್ನು ದಾಟಿದ ಕನ್ನಡಿಗನು ಬೇರೊಂದು ನ್ಯಾಯವ್ಯವಸ್ಥೆಗೆ ಒಳಗಾಗುತ್ತಿದ್ದನು. ಇಂದು ಕನ್ನಡಿಗರು ಸಮುದ್ರಗಳನ್ನೇ ದಾಟುತ್ತಿದ್ದಾರೆ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಅವರು 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ನಗರದಲ್ಲಿ ಮೃತರಾದ ಪ್ರಕರಣವನ್ನು ಶಾಸನಗಳ ಇತಿಹಾಸದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಮೊದಲು ಗಮನಿಸಬೇಕಾದುದು, ಉಭಯ ದೇಶಗಳ ಗರ್ಭಪಾತ ಶಾಸನಗಳೂ ಬ್ರಿಟಿಷ್ ಮೂಲದವೆಂಬುದು. 1860ರ ಭಾರತೀಯ ದಂಡಸಂಹಿತೆಯ 312ನೆಯ ಕಲಮು, ತಾಯಿಯ ಪ್ರಾಣರಕ್ಷಣೆಗಾಗಿ ಮಾಡಿದ್ದನ್ನುಳಿದು, ಗರ್ಭಪಾತವನ್ನು ಅಪರಾಧವೆಂದು ಎಣಿಸಿತು. ಮರುವರ್ಷ, 1861ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ರಚಿಸಿದ ಶಾಸನವು ಐರ್ಲೆಂಡಿಗೂ ಅನ್ವಯಿಸಿತು. ಮುಂದೆ ದಾರಿಗಳು ಕವಲೊಡೆದವು. ಭಾರತದಲ್ಲಿ 1964ರಲ್ಲಿ ನೇಮಕವಾದ ಶಾಂತಿಲಾಲ್ ಷಾ ಸಮಿತಿಯ ವರದಿಯನ್ನು ಅನುಸರಿಸಿ 1971ರಲ್ಲಿ ವೈದ್ಯಕೀಯ ಗರ್ಭಪಾತ ಶಾಸನವು ಬಂದಿತು. ಐರ್ಲೆಂಡಾದರೋ 1983ರಲ್ಲಿ ಎಂಟನೆಯ ತಿದ್ದುಪಡಿಯ ಮೂಲಕ ಗರ್ಭಸ್ಥ ಜೀವಕ್ಕೆ ತಾಯಿಯ ಜೀವಕ್ಕೆ ಸಮನಾದ ಹಕ್ಕನ್ನು ಸಂವಿಧಾನದಲ್ಲಿಯೇ ನೆಲೆಗೊಳಿಸಿತು. ತಾಯಿಯ ಪ್ರಾಣಕ್ಕೆ ನೈಜವೂ ಗಣನೀಯವೂ ಆದ ಅಪಾಯವಿದ್ದಲ್ಲಿ ಗರ್ಭಪಾತಕ್ಕೆ ಅವಕಾಶವುಂಟೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ತೀರ್ಮಾನಿಸಿತಾದರೂ, ಅದನ್ನು ಜಾರಿಗೊಳಿಸುವ ಶಾಸನವು ಇಪ್ಪತ್ತು ವರ್ಷ ರಚಿತವಾಗಲಿಲ್ಲ.

ಸವಿತಾ ಅವರು ಅಕ್ಟೋಬರ್ 21ರಂದು ಆಸ್ಪತ್ರೆಗೆ ದಾಖಲಾದಾಗ ಹದಿನೇಳು ವಾರದ ಗರ್ಭಿಣಿ. ಗರ್ಭಸ್ರಾವವು ಅನಿವಾರ್ಯವೆಂಬುದು ನಿಶ್ಚಿತವಾಗಿತ್ತು. ಗರ್ಭವನ್ನು ತೆಗೆಯಬೇಕೆಂಬ ಅವರ ಪ್ರಾರ್ಥನೆಯು, ಭ್ರೂಣದ ಹೃದಯ ಮಿಡಿಯುತ್ತಿರುವವರೆಗೆ ಸಾಧ್ಯವಿಲ್ಲವೆಂಬ ಕಾರಣದಿಂದ, ನಿರಾಕೃತವಾಯಿತು. ತಾವು ಐರಿಷರೂ ಅಲ್ಲ, ಕ್ಯಾಥೊಲಿಕರೂ ಅಲ್ಲ ಎಂದು ಆಕೆ ಹೇಳಿಕೊಂಡರೆಂದು ಪತಿ ತಿಳಿಸಿದರು. 24ರಂದು ರಕ್ತದ ಸೋಂಕು ಪತ್ತೆಯಾಯಿತು. ನಾಲ್ಕು ದಿನಗಳ ತರುವಾಯ ಆಕೆ ಅಸುನೀಗಿದರು. ಅದೇ ಸ್ಥಿತಿಯಲ್ಲಿ ಬೆಳಗಾವಿಯಲ್ಲಿದ್ದಿದ್ದರೆ, ಅಂದಿನ ಭಾರತೀಯ ಶಾಸನದಂತೆ ಇಪ್ಪತ್ತು ವಾರದೊಳಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕಾಗುತ್ತಿತ್ತು.

ಆದರೆ ಸಮಸ್ತ ದೋಷವನ್ನೂ ಶಾಸನದ ಮೇಲೆಯೇ ಹೊರಿಸುವುದು ಇತಿಹಾಸಕಾರನಿಗೆ ಉಚಿತವಲ್ಲ. ಪ್ರೊ. ಅರುಳ್‌ಕುಮಾರನ್ ಅವರ ಅಧ್ಯಕ್ಷತೆಯ ಸಮಿತಿಯು 2013ರಲ್ಲಿ ರೋಗಿಯ ನಿಗಾವಣೆಯಲ್ಲಿ ಆದ ಲೋಪಗಳನ್ನು ಸ್ಪಷ್ಟವಾಗಿ ಎತ್ತಿ ತೋರಿಸಿತು. ಅಂತೆಯೇ ಪ್ರಸೂತಿತಜ್ಞ ಪೀಟರ್ ಬಾಯ್ಲನ್ ಅವರು ಮರಣವಿಚಾರಣೆಯಲ್ಲಿ ಕೊಟ್ಟ ಸಾಕ್ಷ್ಯವೂ ಮನನೀಯ: ಮೊದಲ ದಿನಗಳಲ್ಲಿಯೇ ಗರ್ಭವನ್ನು ತೆಗೆದಿದ್ದರೆ ಆಕೆ ಬಹುಶಃ ಬದುಕುತ್ತಿದ್ದರು, ಆದರೆ ಪ್ರಾಣಾಪಾಯ ಕಾಣದಿದ್ದ ಆಗ ಶಾಸನವು ಒಪ್ಪುತ್ತಿರಲಿಲ್ಲ, ಅಪಾಯ ಕಂಡಾಗ ಕಾಲ ಮೀರಿತ್ತು.

ಪರದೇಶೀಯಳ ಸ್ಥಿತಿ ಇನ್ನೂ ವಿಷಮವಾದುದು. ಗರ್ಭಪಾತಕ್ಕಾಗಿ ಇಂಗ್ಲೆಂಡಿಗೆ ಹೋಗುವ ಸ್ವಾತಂತ್ರ್ಯವನ್ನು ಐರ್ಲೆಂಡಿನ ಸಂವಿಧಾನವು 1992ರಿಂದ ರಕ್ಷಿಸಿತ್ತು. ಆ ದಾರಿಯನ್ನು ಹಿಡಿಯಲು ವೀಸಾ ಅವಶ್ಯವಾದವರಿಗೆ ಅದು ಸುಗಮವಾಗಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲಿದ್ದವರಿಗಂತೂ ಇಲ್ಲವೇ ಇಲ್ಲ. ಇದಕ್ಕೆ ಪ್ರತಿಯಾಗಿ ಭಾರತದ 1971ರ ಶಾಸನವು ಮಾತನಾಡುವುದು ಗರ್ಭಿಣಿಯನ್ನು ಕುರಿತು. ಪೌರಳೆಂಬ ನಿಬಂಧನೆಯನ್ನು ಅದು ಹಾಕುವುದಿಲ್ಲ.

ಸವಿತಾ ಅವರ ಮರಣದ ತರುವಾಯ 2013ರಲ್ಲಿ ಪ್ರಾಣಾಪಾಯದ ಸಂದರ್ಭಕ್ಕೆ ಸೀಮಿತವಾದ ಶಾಸನವೊಂದು ಬಂದಿತು. 2018ರಲ್ಲಿ ಅವರ ತಂದೆ ಅಂದಾನಪ್ಪ ಯಾಳಗಿ ಅವರು ಬೆಳಗಾವಿಯಿಂದ ಐರಿಷ್ ಮತದಾರರಿಗೆ ಮನವಿ ಮಾಡಿಕೊಂಡರು. ಮೇ 25ರ ಜನಮತಗಣನೆಯಲ್ಲಿ ಶೇಕಡಾ 66.4ರಷ್ಟು ಮಂದಿ ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಲು ಒಪ್ಪಿದರು. ಹೊಸ ಶಾಸನವು 2019ರ ಜನವರಿ 1ರಂದು ಜಾರಿಗೆ ಬಂದಿತು.

ತನಗೆ ಮತಾಧಿಕಾರವಿಲ್ಲದ ದೇಶದ ಸಂವಿಧಾನವು ಬದಲಾಗಲು ಕನ್ನಡ ನಾಡಿನ ಹೆಣ್ಣುಮಗಳೊಬ್ಬಳ ಮರಣವು ಪ್ರೇರಕವಾಯಿತು. ಇದನ್ನು ಹೆಮ್ಮೆಯ ಸಂಗತಿಯೆಂದು ಬರೆದಿಡಲು ನಮಗೆ ಮನಸ್ಸು ಬಾರದು. ವಲಸೆಯ ಇತಿಹಾಸವನ್ನು ಬರೆಯುವವರು ಹೋದವರ ಉದ್ಯೋಗ, ಸಂಪಾದನೆಗಳ ಜೊತೆಗೆ, ಅವರು ಯಾವ ಶಾಸನದ ನೆರಳಿಗೆ ಹೋದರೆಂಬುದನ್ನೂ ವಿಚಾರಿಸಬೇಕೆಂಬುದಿಷ್ಟೇ ನಮ್ಮ ನಿವೇದನೆ.